ಏರಿಯ ಆಚೆ ತುದಿಯ ಹಕ್ಕಿ

ಡಿಸೆಂಬರ್ 14, ಭಾನುವಾರ

ಇವತ್ತೂ ಅದೇ ರಾಮಾಯಣ. ಅಮಾನಿಕೆರೆ ಏರಿಯ ಮೊದಲ ಬೆಂಚು ಬಂದದ್ದೇ ತಡ, ಯಜಮಾನರು ಕೂತುಬಿಟ್ಟರು. ಹಾರ್ಟಿಗೆ ಸ್ಟೆಂಟ್ ಹಾಕಿಸಿ ತಿಂಗಳಾಯಿತು. ದಿನಾ ನಡೆಯದಿದ್ದರೆ ಮತ್ತೆ ಆಸ್ಪತ್ರೆಯೇ ಅಂತ ಡಾಕ್ಟರು ಬೈದು ಕಳಿಸಿದ್ದಾರೆ. ಇವರಿಗೋ ಭಯ — ನಡೆದರೆ ಎದೆ ಹಿಡಿದುಕೊಳ್ಳುತ್ತದಂತೆ. ಬೈನಾಕ್ಯುಲರ್ ಹಿಡಿದು ಕೂತಲ್ಲೇ ಬಾತುಗಳ ದರ್ಶನ. ಮಹಾರಾಜರು!

"ಚಳಿಗಾಲದಲ್ಲಿ ಹಕ್ಕಿಗಳೇ ನನ್ ಹತ್ರ ಬರ್ತವೆ ಕಣೇ ಶಶಿ, ನಾನ್ಯಾಕ್ ಹೋಗ್ಲಿ?"

ಬೆಂಚಿನ ಮೇಲೇ ಬಿಟ್ಟು ಬಂದುಬಿಡೋಣ ಅನ್ನಿಸಿತು.

ಡಿಸೆಂಬರ್ 17

ಸುಳ್ಳು ಹೇಳಿದೆ. ಏರಿಯ ಆಚೆ ತುದಿಯಲ್ಲಿ ಹೊಸ ಹಕ್ಕಿ ಕಂಡೆ ಅಂತ.

"ಎಂಥದು?"

ಸಿಕ್ಕಿಬಿದ್ದೆ. ಕಾಗೆ, ಗುಬ್ಬಿ, ಕೊಕ್ಕರೆ ಬಿಟ್ಟರೆ ನನಗೇನು ಗೊತ್ತು? ತಂತಿಯ ಮೇಲೆ ಒಣಗುತ್ತಿದ್ದ ಸೀರೆ ನೋಡಿಕೊಂಡೇ ಹೇಳಿದೆ — ನೀಲಿ ಕತ್ತು, ಹಳದಿ ಹೊಟ್ಟೆ, ಬಾಲಕ್ಕೆ ಕೆಂಪು ಅಂಚು. ಮಗಳು ಇಂಪನಾ ಫೋನಿನಲ್ಲಿ ಹುಡುಕಿ ಹುಡುಕಿ ಸುಸ್ತಾದಳು. ಇವರು ಗಂಭೀರವಾಗಿ ತಲೆಯಾಡಿಸಿದರು. ಸಂಜೆ ಎರಡನೇ ಬೆಂಚು ದಾಟಿದರು!

ಡಿಸೆಂಬರ್ 30

ಆಚೆ ತುದಿ ಮುಟ್ಟಿದೆವು. ಮೂವರೂ. ಹಕ್ಕಿ ಎಲ್ಲಿಂದ ಬರಬೇಕು...

"ಈಗಷ್ಟೇ ಹಾರೋಯ್ತು ಕಣ್ರೀ," ಅಂದೆ.

"ಹೋಗ್ಲಿ ಬಿಡು, ನಾಳೆ ಬರೋಣ," ಅಂದರು. ನಾಳೆ! ಅವರ ಬಾಯಲ್ಲಿ! ನನ್ನ ಕಣ್ಣಿಗೆ ಬೈನಾಕ್ಯುಲರ್ ಹಿಡಿದು, ತಿರುಪು ತಿರುಗಿಸಿ, ಸೂಜಿಬಾಲದ ಬಾತು ತೋರಿಸಿದರು. ಚೆನ್ನಾಗಿತ್ತು. ಇವರ ಮುಖಕ್ಕೆ ಬಣ್ಣ ಬಂದಿರುವುದು ಅದಕ್ಕಿಂತ ಚೆನ್ನಾಗಿತ್ತು. ಮನೆಗೆ ಬಂದು ದೃಷ್ಟಿ ತೆಗೆದೆ.

ಜನವರಿ 9

ಕೆಟ್ಟೆ. ಇಂಪನಾ ನನ್ನ ಹಕ್ಕಿಯನ್ನು ಪಕ್ಷಿವೀಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಿದ್ದಾಳೆ. ಪಾಪ, ಅವಳಿಗೆ ನಿಜ ಗೊತ್ತಿಲ್ಲ. ಭಾನುವಾರ ಗುಬ್ಬಿಯಿಂದ, ಕುಣಿಗಲ್‌ನಿಂದ ಕ್ಯಾಮೆರಾ ಹೊತ್ತು ಬರುತ್ತಾರಂತೆ. ಅಷ್ಟು ಜನರ ಮುಂದೆ ಇವರಿಗೆ ಅವಮಾನವಾದರೆ ಮತ್ತೆ ಏರಿ ಹತ್ತುವ ಮನುಷ್ಯರಲ್ಲ. ಮತ್ತೆ ಅದೇ ಬೆಂಚು, ಅದೇ ಭಯ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಜನವರಿ 11, ಭಾನುವಾರ ಮಧ್ಯಾಹ್ನ

ಒನಕೆಯಂಥ ಲೆನ್ಸುಗಳು. ಕುಣಿಗಲ್‌ನಿಂದ ಬಂದಿದ್ದ ಕೃಷ್ಣಕುಮಾರ್ ಕೇಳಿದರು, "ಕೊಕ್ಕು ಉದ್ದನಾ, ಗಿಡ್ಡನಾ ಮೇಡಂ?"

ನಿಜ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಇವರು ಅಡ್ಡ ಬಂದರು.

"ಗಿಡ್ಡ ಸಾರ್. ನಾನೂ ನೋಡಿದೀನಿ. ಹೋದ್ ವಾರಾನೇ ಹೊಂಟೋಯ್ತು."

ಜನ್ಮದಲ್ಲಿ ಒಂದು ಸುಳ್ಳು ಹೇಳಿದವರಲ್ಲ! ಬಂದವರಿಗೆ ಅವರೆಕಾಳು ಉಪ್ಪಿಟ್ಟು ಹಾಕಿ ಕಳಿಸಿದೆ. ಆಮೇಲೆ ಕೇಳಿದೆ, ಯಾಕ್ರೀ ಅಂತ.

"ಅಂಥ ಹಕ್ಕಿ ಭೂಮಿ ಮೇಲೇ ಇಲ್ಲ ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ಕಣೇ."

"ಮತ್ತೆ ಯಾಕ್ ನಡೆದ್ರಿ?"

ಪಾತ್ರೆ ಒರೆಸುತ್ತಲೇ ಅಂದರು, "ನೀನು ದಿನಾ ಬಚ್ಚಲಲ್ಲಿ ಅಳೋದು ಕೇಳಿಸ್ತಿತ್ತು."

ನಲ್ಲಿ ಜೋರಾಗಿ ಬಿಟ್ಟುಕೊಂಡೇ ಅಳುತ್ತಿದ್ದೆ. ಈ ಡೈರಿಯಲ್ಲೂ ಬರೆದಿರಲಿಲ್ಲ. ಈ ಮನುಷ್ಯನನ್ನು ಏನು ಮಾಡಲಿ...

ಜನವರಿ 12, ಬೆಳಿಗ್ಗೆ

ವಿಪರೀತ ಮಂಜು. ಎದುರು ಮನೆಯೇ ಕಾಣುತ್ತಿಲ್ಲ. ಇವರು ಆಗಲೇ ಗೇಟು ತೆಗೆದು ನಿಂತಿದ್ದಾರೆ.

"ಈ ಮಂಜಲ್ಲಿ ಯಾವ ಹಕ್ಕಿ ಕಾಣುತ್ರೀ?"

"ಯಾವ್ದೂ ಇಲ್ಲ. ಬಾರೇ, ಸುಮ್ನೆ ನಡ್ಕೊಂಡ್ ಬರೋಣ."

ಒಂದು ಸಾಲು ಬರೆಯಲೂ ಬಿಡರು, ಬೀದಿಗೆಲ್ಲ ಕೇಳುವ ಹಾಗೆ ಕೂಗ್ತಾನೇ ಇದ್ದಾರೆ —