ಬಿದ್ದವರನ್ನು ಎತ್ತುವ ಅಶಿಸ್ತಿನ ಕುರಿತು

ಮಾನ್ಯ ಚಿತ್ರೀಕರಣ ವ್ಯವಸ್ಥಾಪಕರೇ,

ನಿಮ್ಮ ನಾಯಕನಟರು ಮೆಟ್ಟಿಲ ಮೇಲೆ ಬಿದ್ದಾಗ ಎತ್ತಲು ಹೋದ ನನ್ನ ಸೋದರತ್ತೆಯನ್ನು ‘ವೃತ್ತಿಗೆ ತಕ್ಕ ನಡವಳಿಕೆ ಇಲ್ಲ’ ಎಂದು ಕೆಲಸದಿಂದ ತೆಗೆದಿದ್ದೀರಿ. ಅವರನ್ನು ವಾಪಸು ಕರೆಸಿಕೊಳ್ಳಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿಯೇ ಕೇಳೋಣವೆಂದು ನಿಮ್ಮ ಕ್ಯಾರವಾನಿನ ಬಾಗಿಲಿಗೆ ಬಂದಿದ್ದೆ. ಗುಂಪಿನ ದೃಶ್ಯಗಳಿಗೆ ಬರುವ ನಮ್ಮಂಥ ಜೂನಿಯರ್ ಆರ್ಟಿಸ್ಟುಗಳು ಈ ಕಡೆ ಸುಳಿಯಬಾರದೆಂದು ಅಲ್ಲಿ ಚೀಟಿ ಅಂಟಿಸಿತ್ತು. ಹಾಗಾಗಿ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಿಮ್ಮ ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. ಕ್ಯಾಮೆರಾ ನೋಡಬಾರದು, ಒಪ್ಪಿದೆ. ಮಾತಾಡುವಂತೆ ತುಟಿ ಆಡಿಸಬೇಕು, ದನಿ ಮಾತ್ರ ಬರಬಾರದು, ಅದನ್ನೂ ಒಪ್ಪಿದೆ. ಹಾಗೆ ಬರೀ ತುಟಿಯಲ್ಲೇ ಪಕ್ಕದವನ ಹಳೇ ಸ್ಕೂಟರಿನ ವ್ಯಾಪಾರ ಕುದುರಿಸಿದವನು ನಾನು. ಕ್ಯಾಮೆರಾಗೆ ಬರೀ ಬೆನ್ನಾಗಿ ಈ ಕಸುಬಿಗೆ ಬಂದೆ. ಸ್ವಂತ ಕೋಟು ಹೊಲಿಸಿಕೊಂಡ ಮೇಲೆ ಮುಂದಿನ ಸಾಲಿಗೆ ಬಡ್ತಿ ಸಿಕ್ಕಿತು. ಈಗ ಆಗಾಗ ಒಂದು ಕಿವಿಯೂ ತೆರೆಯ ಮೇಲೆ ಕಾಣುತ್ತದೆ. ಶಿಸ್ತಿನ ಲಾಭ ನನಗೆ ಗೊತ್ತು. ಗೊತ್ತು ಮಾಡಿಸಿದ್ದೇ ಈ ಅತ್ತೆ.

ಆ ದಿನದ ದೃಶ್ಯವೇನು? ನ್ಯಾಯಾಲಯದ ಮೆಟ್ಟಿಲ ಮೇಲೆ ನಾಯಕ ಕುಸಿಯುತ್ತಾನೆ, ಜನ ತಿರುಗಿಯೂ ನೋಡದೆ ದಾಟಿಹೋಗುತ್ತಾರೆ. ಆ ಕಲ್ಲೆದೆಯ ಜನ ನಾವೇ. ಮೊದಲ ಟೇಕುಗಳಲ್ಲಿ ನಾಯಕನಟರು ಚೆನ್ನಾಗಿಯೇ ಬಿದ್ದರು. ಆಮೇಲೊಮ್ಮೆ ಕಾಲು ಹೊರಳಿ ನಿಜವಾಗಿಯೇ ಬಿದ್ದರು. ಯಾರಾದರೂ ಬನ್ನಿ ಎಂದು ಕೂಗಿದರು. ಸಂಭಾಷಣೆಯಲ್ಲಿ ಇಲ್ಲದ ಮಾತು. ಆದರೆ ಸಂಭಾಷಣೆಯ ಪ್ರತಿಯನ್ನು ನಮಗೆ ಯಾರು ಕೊಡುತ್ತಾರೆ? ‘ಕಟ್’ ಬರಲಿಲ್ಲ. ನಿರ್ದೇಶಕರು ಮಾನಿಟರಿನ ಮುಂದೆ ಮೆಚ್ಚಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಕೋಟಿನ ಗುಂಡಿ ಸರಿಮಾಡಿಕೊಂಡು, ಹೇಳಿಕೊಟ್ಟ ದಾರಿಯಲ್ಲೇ, ಅವರನ್ನು ದಾಟಿ ನಡೆದೆ. ಅತ್ತೆ ಮಾತ್ರ ಕೈಚೀಲ ಕೆಳಗಿಟ್ಟು ಬಗ್ಗಿದರು.

“ಏಳಪ್ಪಾ, ನನ್ನ ಭುಜ ಹಿಡ್ಕೋ. ಇದು ನಾಟಕದ ನೋವಲ್ಲ” ಎಂದರು.

ನಡೆದುಹೋದ ನಮಗೆ ಶಹಬ್ಬಾಸ್, ಅವರಿಗೆ ಮನೆ ದಾರಿ. ಟೇಕು ಹಾಳಾಯಿತಂತೆ. ಸ್ವಾಮಿ, ನಾಯಕರ ಕಾಲು ಉಳಿದದ್ದನ್ನು ಯಾವ ಖಾತೆಗೆ ಜಮಾ ಮಾಡಿದಿರಿ?

ಅತ್ತೆ ಅಳುತ್ತಾ ಕೂತಿಲ್ಲ. ಕೆಲಸಕ್ಕೆ ಯಾಕೆ ಹೋಗಿಲ್ಲವೆಂದು ಅಕ್ಕಪಕ್ಕದವರು ಕೇಳಿದರೆ ಏನು ಹೇಳುವುದೆಂಬುದೇ ಅವರ ಚಿಂತೆ. “ಬಿದ್ದೋರನ್ನ ಎತ್ತಿದ್ದಕ್ಕೆ ಕೆಲಸ ಹೋಯ್ತು ಅಂದ್ರೆ ಯಾರು ನಂಬ್ತಾರೋ? ಏನೋ ಕದ್ಲು ಅಂತ ಹೇಳ್ಬಿಡು, ಮರ್ಯಾದೆ ಉಳಿಯುತ್ತೆ” ಎನ್ನುತ್ತಾರೆ.

ಸೋಮವಾರ ಅದೇ ಮೆಟ್ಟಿಲ ಮೇಲೆ ಉಳಿದ ಭಾಗದ ಚಿತ್ರೀಕರಣವಿದೆ. ಅತ್ತೆಯನ್ನು ಅವರ ಕೈಚೀಲದ ಸಮೇತ ಕರೆಸಿ. ಶಿಕ್ಷೆ ಕೊಡಲೇಬೇಕೆಂದರೆ ಹಿಂದಿನ ಸಾಲಿಗೆ ಹಾಕಿ. ಬಿದ್ದವರು ಅವರಿಗೆ ಅಲ್ಲಿಂದಲೂ ಕಾಣುತ್ತಾರೆ. ಕರೆಸದಿದ್ದರೂ ಮುಷ್ಕರವಿಲ್ಲ, ಘೋಷಣೆಯಿಲ್ಲ. ನಾವೆಲ್ಲ ಶಿಸ್ತಾಗಿಯೇ ಬರುತ್ತೇವೆ. ಆ ಮೆಟ್ಟಿಲುಗಳು ಮಾತ್ರ ಬಹಳ ಜಾರುತ್ತವೆ. ನಮ್ಮನ್ನು ಗದರುತ್ತಾ ಓಡಾಡುವಾಗ ತಾವು ನೋಡಿಕೊಂಡು ಹೆಜ್ಜೆಯಿಡಿ. ಬಿದ್ದಿರೋ, ತಮ್ಮ ನಿಯಮವನ್ನು ಮೀರುವ ಒಬ್ಬರೂ ಈಗ ನಮ್ಮಲ್ಲಿಲ್ಲ.

ಇಂತಿ,
ಎಡದಿಂದ ಬಂದು ಬಲಕ್ಕೆ ಹೋದ ಕೋಟು