ಎರಡು ಗಂಟೆಗೆ ಕರೆಂಟ್ ಹೋಗುವ ಮುನ್ನ

ಅಮ್ಮಾ,

ಯಲಹಂಕದ ನಮ್ಮ ಮನೆಯ ಮಹಡಿ ರೂಮಿನಲ್ಲಿ, ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ನಿನ್ನ ಕಂಪ್ಯೂಟರು ನಿಂತು ಇವತ್ತಿಗೆ ಒಂಬತ್ತು ದಿನ. ಹೇಗೆ ನಿಂತಿತು ಅಂತ ಬೇರೆ ಯಾರಿಂದಲೋ ನಿನಗೆ ಗೊತ್ತಾಗುವುದು ಬೇಡ, ನಾನೇ ಹೇಳುತ್ತೇನೆ. ಮಧ್ಯೆ ಬಾಯಿ ಹಾಕಬೇಡ.

ನೀನು ಕಾಟನ್ ಸೀರೆ ಉಟ್ಟು ಮೆಟ್ಟಿಲು ಹತ್ತಿದರೆ ಅವತ್ತು ಕಂಪ್ಯೂಟರಿನ ಹೊಟ್ಟೆ ಬಿಚ್ಚುವ ದಿನ ಅಂತ ನನಗೆ ಗೊತ್ತಾಗುತ್ತಿತ್ತು. ನೈಲಾನ್ ಉಟ್ಟು ಒಳಗೆ ಕೈ ಹಾಕಿದರೆ ಮೈಯಲ್ಲಿರುವ ಕರೆಂಟಿಗೇ ಚಿಪ್ಪುಗಳು ಸಾಯುತ್ತವೆ ಅನ್ನುತ್ತಿದ್ದೆ. ನನ್ನ ಕೈಯನ್ನೂ ಮೊದಲು ಕಿಟಕಿ ಕಂಬಿಗೆ ತಾಗಿಸಿ ಆಮೇಲೆ ಸ್ಕ್ರೂಡ್ರೈವರ್ ಕೊಡುತ್ತಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವೈರುಗಳ ಮಧ್ಯೆಯೇ ವಯಸ್ಸು ಕಳೆದವಳು, ರಿಟೈರ್ ಆದ ಮೇಲಾದರೂ ಭಜನೆ ಮಂಡಳಿಗೆ ಸೇರುತ್ತಾಳೆ ಅಂತ ಸೋದರತ್ತೆ ಕಾದರು. ನೀನು ಬಿಡಿಭಾಗ ಮಾರುವ ಎಸ್.ಪಿ. ರೋಡಿಗೆ ಹೋಗಿ ಕಂಪ್ಯೂಟರಿನ ಖಾಲಿ ಕ್ಯಾಬಿನೆಟ್ ಕೊಂಡು, ಮೆಜೆಸ್ಟಿಕ್‌ನಿಂದ ಇಲ್ಲಿಯ ತನಕ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಲಗೇಜ್ ಟಿಕೆಟ್ ಕೇಳಿದ ಕಂಡಕ್ಟರ್ ಜೊತೆ ನೀನು ಮಾಡಿದ ಜಗಳ ಹೆಬ್ಬಾಳ ಫ್ಲೈಓವರ್ ದಾಟುವವರೆಗೂ ನಡೆಯಿತು. ನಾನು ಮಾನ ಹೋಯಿತು ಅಂತ ಕಿಟಕಿ ಆಚೆ ನೋಡುತ್ತಿದ್ದೆ. ಇವತ್ತು ಕಾಲೇಜಿನಲ್ಲಿ ನಲವತ್ತು ಕಂಪ್ಯೂಟರಿನ ಲ್ಯಾಬ್ ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದ್ದು ಆ ಕ್ಯಾಬಿನೆಟ್ಟಿನಿಂದಲೇ ಅಲ್ಲವಾ?

ಆ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಂದ ದಿನ ನೆನಪಿದೆಯಾ? ಹಚ್ಚಿ ನೋಡಿದರೆ ಯಾರದೋ ಮನೆಯ ನಾಮಕರಣದ ಫೋಟೋಗಳು, ಮಗುವಿನ ಕಿವಿ ಚುಚ್ಚುವ ವಿಡಿಯೋ, ಎಲ್ಲ ಹಾಗೇ ಇದ್ದವು. ನೀನು ಒಂದನ್ನೂ ಪೂರ್ತಿ ನೋಡದೆ ಅಳಿಸಿದೆ. ಆಮೇಲೆ ಊಟ ಸೇರಲಿಲ್ಲ. “ನಾಳೆ ನಮ್ಮ ಡಿಸ್ಕೂ ಹಿಂಗೇ ಯಾರ್ದೋ ಅಂಗ್ಡೀಲಿ ಕೂತಿರುತ್ತೆ ಕಣೇ,” ಅಂದೆ. ಆ ವಾರವೇ ಲಿನಕ್ಸ್ ಅನ್ನುವ ಸಾಫ್ಟ್‌ವೇರ್ ಹೊಸದಾಗಿ ಹಾಕಿ ಇಡೀ ಡಿಸ್ಕಿಗೆ ಬೀಗ ಜಡಿದೆ. ಕಂಪ್ಯೂಟರ್ ಆನ್ ಮಾಡಿದಾಗ ಒಮ್ಮೆ ಉದ್ದದ ಪಾಸ್‌ವರ್ಡ್ ಕೊಟ್ಟರೆ, ಆಫ್ ಆಗುವವರೆಗೂ ಒಳಗಿನದೆಲ್ಲ ತೆರೆದಿರುತ್ತದೆ. ಆಫ್ ಆದರೆ ಮತ್ತೆ ಕೇಳುತ್ತದೆ, ಕೊಡದಿದ್ದರೆ ಬ್ರಹ್ಮ ಬಂದರೂ ತೆರೆಯುವುದಿಲ್ಲ. ನನಗೆ ನೆಟ್‌ವರ್ಕಿನ ಮೂಲಕ ಒಳಗೆ ಬಂದು ಫೈಲು ಓದುವಷ್ಟು ದಾರಿ ಬಿಟ್ಟೆ, ಅಷ್ಟೇ. ಆ ಪಾಸ್‌ವರ್ಡ್ ಮಾತ್ರ ನಿನ್ನ ತಲೆಯಲ್ಲಿ ಬಿಟ್ಟು ಎಲ್ಲೂ ಇರಲಿಲ್ಲ. ಕೇಳಿದಾಗಲೆಲ್ಲ, ಹೊತ್ತು ಬಂದಾಗ ಹೇಳ್ತೀನಿ ಅಂತಿದ್ದೆ. ಯಾವ ಹೊತ್ತಮ್ಮಾ?

ಬೀದಿಯವರು ಫೋನ್ ಹಿಡಿದು ಗೇಟಿನ ಹತ್ತಿರ ನಿಲ್ಲುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೆಮೊರಿ ತುಂಬಿತು, ಫೋಟೋ ಅಳಿಸಬೇಕು ಅಂದರೆ ನಿನಗೆ ಸಂಕಟ. ಅಳಿಸಬೇಡಿ, ನನಗೆ ಕೊಡಿ ಅನ್ನುತ್ತಿದ್ದೆ. ಒಂದೊಂದು ಮನೆಗೆ ಒಂದೊಂದು ಫೋಲ್ಡರ್, ಒಟ್ಟು ಒಂಬತ್ತು ಮನೆ. ಅದರ ಜೊತೆಗೆ ನಿನ್ನ ಫೋಲ್ಡರ್. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಕೆಲಸದಲ್ಲಿದ್ದಾಗ ಕಾಗದ ಬರೆಯಲು ಸೋಮಾರಿತನವಾಗಿ ಮಾತಾಡಿ ಕಳಿಸಿದ ಐದು ಕ್ಯಾಸೆಟ್. ಬೂಷ್ಟು ಹಿಡಿದ ಆ ಟೇಪುಗಳನ್ನು ಒಂದು ಬೇಸಿಗೆಯಿಡೀ ಒರೆಸಿ ಒರೆಸಿ ಕಂಪ್ಯೂಟರಿಗೆ ಇಳಿಸಿದೆ. ಒಂದು ಸಲ ಓಡಿದ್ದೇ ಕೊನೆ, ಟೇಪುಗಳೆಲ್ಲ ತುಂಡು ತುಂಡಾಗಿ ಹೋದವು. ಸಣ್ಣ ಫೈಲ್ ಮಾಡಮ್ಮ ಅಂದರೆ ಕೇಳಲಿಲ್ಲ, ಹಿಂಡಿದರೆ ಅವರ ಧ್ವನಿ ಸವೆಯುತ್ತದೆ ಅಂದೆ. ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಅವರ ಧ್ವನಿ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ. ಬಾರೇ ಕೇಳು ಅಂತ ನೀನು ಕರೆದಾಗ, ನಾನು ಆಮೇಲೆ ಕೇಳ್ತೀನಿ ಅಂತ ಡ್ಯೂಟಿಗೆ ಓಡಿದೆ.

ಎರಡನೇ ಡಿಸ್ಕು, ಎಲ್ಲದರ ನಕಲು ಇದ್ದದ್ದು, ನೀನಿರುವಾಗಲೇ ಕೆಟ್ಟಿತ್ತು. ಶನಿವಾರ ಹೊಸದು ತರೋಣ ಅಂತ ನೀನೇ ಅಂದಿದ್ದೆ. ಗುರುವಾರ ಬೆಳಗ್ಗೆ ಎದೆ ಹಿಡಿದುಕೊಂಡು ಕೂತವಳು...

ನಿನ್ನ ಹದಿಮೂರನೇ ದಿನ ಮುಗಿಸಿ ಮೇಲೆ ಬಂದಾಗ ಮೊದಲ ಸಲ ಆ ಸದ್ದು ಕೇಳಿಸಿತು. ಕಟ್. ಕಟ್. ಸ್ವಲ್ಪ ಬಿಟ್ಟು ಮತ್ತೆ ಕಟ್. ಸಾಯುವ ಡಿಸ್ಕಿನ ಸದ್ದು, ಅದನ್ನು ಗುರುತಿಸುವುದು ಕಲಿಸಿದವಳೇ ನೀನು. ಅವತ್ತೇ ಎಲ್ಲವನ್ನೂ ನಕಲು ಮಾಡಿಕೊಳ್ಳಬೇಕಿತ್ತು. ಲ್ಯಾಬಿನ ಹುಡುಗರು ಯಾರಾದರೂ ಹೀಗೆ ಬಿಟ್ಟಿದ್ದರೆ ನಾನೇ ಉಗಿಯುತ್ತಿದ್ದೆ. ಆದರೆ ಮುಟ್ಟಿದರೆ ನಿಂತುಬಿಟ್ಟರೆ? ಹೊಸ ಡಿಸ್ಕ್ ತಂದು ಕವರ್ ಸಮೇತ ಮೇಜಿನ ಮೇಲಿಟ್ಟೆ, ಅದು ಅಲ್ಲೇ ಉಳಿಯಿತು. ಎರಡು ತಿಂಗಳು ದಿನಾ ಬೆಳಗ್ಗೆ ಬಂದು ಹಸಿರು ದೀಪ ಉರಿಯುತ್ತಿದೆಯಾ ನೋಡುವುದು, ಸುತ್ತ ಧೂಳು ಒರೆಸುವುದು, ಕೆಳಗಿಳಿಯುವುದು. ಕರೆಂಟ್ ಹೋದರೆ ಯುಪಿಎಸ್ ಬ್ಯಾಟರಿ ಹತ್ತು ನಿಮಿಷ ತಡೆಯುತ್ತಿತ್ತು. ಆ ಹತ್ತು ನಿಮಿಷ ನಾನು ಅದರ ಪಕ್ಕದಲ್ಲೇ ನಿಂತಿರುತ್ತಿದ್ದೆ. ಬೀದಿಯವರು ಫೋಟೋಗಳೆಲ್ಲ ಸೇಫಾ ಅಂತ ಕೇಳಿದರೆ, ಹೂಂ ಅನ್ನುತ್ತಿದ್ದೆ. ಸೋಮಾರಿತನ ಅಲ್ಲಮ್ಮ. ಭಯ.

ಹೋದ ವಾರ ಬೆಳಗ್ಗೆ ಏಳೂವರೆಗೆ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು: ಕೇಬಲ್ ಕೆಲಸ, ಮಧ್ಯಾಹ್ನ ಎರಡರಿಂದ ಆರರವರೆಗೆ ಕರೆಂಟ್ ಇಲ್ಲ. ನಾಲ್ಕು ಗಂಟೆ. ಜನರೇಟರ್ ಬಾಡಿಗೆಗೆ ಕೊಡುವ ಶಾಮಿಯಾನದವನಿಗೆ ಫೋನ್ ಮಾಡಿದರೆ, ಇದ್ದ ಒಂದೂ ಬಾಗಲೂರಿನ ಮದುವೆಗೆ ಹೋಗಿದೆ ಅಂದ. ಚಪ್ಪಲಿಯನ್ನೂ ಹಾಕದೆ ಮೂಲೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಓಡಿದೆ. ಲೈನ್‌ಮನ್ ರಾಜಣ್ಣ ಅಲ್ಲೇ ಟೀ ಕುಡಿಯುತ್ತಿದ್ದ. ಮನೆಯ ಅರ್ಥಿಂಗ್ ಸರಿಯಿಲ್ಲ ಅಂತ ನೀನು ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಪಾಠ ಮಾಡಿದ್ದೆಯಲ್ಲ, ಅವನೇ. ಎಲ್ಲ ಹೇಳಿದೆ, ಅಳು ಬಂತು, ಅತ್ತೇಬಿಟ್ಟೆ.

“ಮೇಡಂ, ಒಂದ್ ಕಂಪ್ಯೂಟರ್‌ಗೋಸ್ಕರ ಇಡೀ ಏರಿಯಾ ಕೆಲ್ಸ ನಿಲ್ಸಕ್ಕಾಗುತ್ತಾ?” ಅಂದ. ಟೀ ಮುಗಿಸಿ ಲೋಟ ಇಟ್ಟ ಮೇಲೆ ದನಿ ತಗ್ಗಿಸಿ, “ನಿಮ್ ಬೀದಿ ಲೈನ್ ಕೊನೇಗ್ ತೆಗೀತೀನಿ. ಅಬ್ಬಬ್ಬಾ ಅಂದ್ರೆ ಅರ್ಧ ಗಂಟೆ. ಅದ್ಕಿಂತ ನನ್ ಕೈಲಾಗಲ್ಲ,” ಅಂದ.

ಮನೆಗೆ ಬಂದು ಮೊದಲು ಏನು ಮಾಡಿದೆ ಗೊತ್ತಾ? ಹೊಸ ಡಿಸ್ಕ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ನಿನ್ನ ಫೋಲ್ಡರ್ ತೆಗೆದು ಅಪ್ಪನ ಮೊದಲ ಕ್ಯಾಸೆಟ್ ಎಳೆಯಲು ಶುರು ಮಾಡಿದೆ. ಒಂಬತ್ತು ಮನೆ ಆಮೇಲೆ, ಮೊದಲು ನನ್ನ ಅಪ್ಪ. ಸ್ವಾರ್ಥವೇ, ಇಲ್ಲ ಅನ್ನುವುದಿಲ್ಲ. ಡಿಸ್ಕ್ ಹಾಳಾಗಿದ್ದದ್ದು ಸರಿಯಾಗಿ ಆ ಜಾಗದಲ್ಲೇ ಇರಬೇಕು. ಫೈಲ್ ಆಮೆ ಹಾಗೆ ತೆವಳಿತು, ಕಟ್ ಕಟ್ ಸದ್ದು ಬಿಡುವಿಲ್ಲದೆ ಶುರುವಾಯಿತು. ಸಣ್ಣ ಫೈಲ್ ಆಗಿದ್ದರೆ ಆಗಲೇ ಬಂದಿರುತ್ತಿತ್ತು. ಹೀಗೇ ಎಳೆಯುತ್ತಾ ಹೋದರೆ ಡಿಸ್ಕೇ ಪೂರ್ತಿ ಸತ್ತು ಬೀದಿಯವರದೆಲ್ಲ ಹೋಗುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸಲಿಲ್ಲ.

ಅರ್ಧ ಗಂಟೆ ಆಗಿರಬೇಕು, ಪಕ್ಕದ ಮನೆಯ ಷಕೀಲಾ ಆಂಟಿ ಮೆಟ್ಟಿಲು ಹತ್ತಿ ಬಂದರು. ಗ್ರೂಪಿನ ಮೆಸೇಜ್ ಅವರೂ ನೋಡಿದ್ದರು. ಬಾಗಿಲಲ್ಲೇ ನಿಂತು ಕೇಳಿದರು, “ಬೇಟಿ, ನಮ್ಮೆಜಮಾನ್ರ ವಿಡಿಯೋ ಅದ್ರಲ್ಲೇ ಇದೆಯಲ್ವಾ? ಫೋನ್ ಕಳ್ದೋದ್ಮೇಲೆ ನನ್ಹತ್ರ ಏನೂ ಇಲ್ಲ.”

ಪರದೆಯಲ್ಲಿ ಅಪ್ಪನ ಫೈಲು ತೆವಳುತ್ತಿತ್ತು. ಆಂಟಿಯ ಮುಖ ನೋಡಲಾಗಲಿಲ್ಲ. ಇದೆ ಆಂಟಿ ಅಂದೆ. ಅಂದು, ಅಪ್ಪನದನ್ನು ನಿಲ್ಲಿಸಿದೆ. ಒಂದೇ ಒಂದು ಕೀಲಿ ಒತ್ತುವುದು, ಅಷ್ಟೇ. ಅವರು ಬಂದು ಹೆಗಲ ಮೇಲೆ ಕೈಯಿಟ್ಟರು. ಮೊದಲು ಅವರ ಫೋಲ್ಡರ್ ಹಾಕಿದೆ. ಅದು ಸಲೀಸಾಗಿ ಹರಿಯಿತು, ಮೂವತ್ತು ನಿಮಿಷಕ್ಕೆ ತೀರಿಹೋದ ಅವರ ಯಜಮಾನರು, ಅನ್ವರ್ ಅಂಕಲ್, ಡಿಸ್ಕಿನಿಂದ ಆಚೆ ಬಂದರು. ಉಳಿದ ಎಂಟು ಮನೆಗೆ ಕಂಪ್ಯೂಟರು ತೋರಿಸಿದ ಸಮಯ ಲೆಕ್ಕ ಹಾಕಿದರೆ ಮುಗಿಯುವುದು ಎರಡೂ ಇಪ್ಪತ್ತಕ್ಕೆ. ರಾಜಣ್ಣ ಮಾತು ತಪ್ಪಿದರೆ ಮುಗಿಯಿತು ಕಥೆ.

ಹನ್ನೊಂದರ ಹೊತ್ತಿಗೆ ಷಕೀಲಾ ಆಂಟಿ, ನಮ್ಮ ಇನ್ವರ್ಟರ್ ಇದೆಯಲ್ಲ, ವೈರ್ ಎಳೆದರಾಗುವುದಿಲ್ಲವಾ ಅಂದರು. ನನಗೆ ಯಾಕೆ ಹೊಳೆಯಲಿಲ್ಲವೋ! ಅವರ ತಾರಸಿಯಿಂದ ನಮ್ಮ ತಾರಸಿಗೆ ವೈರ್ ಎಳೆದು ಯುಪಿಎಸ್‌ಗೆ ಸಿಕ್ಕಿಸಿದೆ. ಅದು ಕಿರ್ ಅಂತ ಕಿರುಚಿತು. ಆ ಹಳೇ ಇನ್ವರ್ಟರಿನ ಒರಟು ಕರೆಂಟು ಇದಕ್ಕೆ ಒಗ್ಗಲಿಲ್ಲ, ತನ್ನ ಬ್ಯಾಟರಿಯನ್ನೇ ತಿನ್ನಲು ಶುರು ಮಾಡಿತು. ವೈರ್ ಕಿತ್ತು ಮತ್ತೆ ಗೋಡೆಗೆ ಸಿಕ್ಕಿಸುವಷ್ಟರಲ್ಲಿ ಪ್ಲಗ್ ಎರಡು ಸಲ ಕೈಯಿಂದ ಜಾರಿತು. ಅದೇ ಹೊತ್ತಿಗೆ ಏರ್‌ಫೋರ್ಸ್ ಸ್ಟೇಷನ್ನಿನ ವಿಮಾನವೊಂದು ನೆತ್ತಿಯ ಮೇಲೇ ಹಾದು ಕಿಟಕಿ ಗಾಜುಗಳು ಗಡಗಡ ಅಂದವು. ನಾನು ಕ್ಯಾಬಿನೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಷಕೀಲಾ ಆಂಟಿ ಏನೋ ದುವಾ ಹೇಳಿಕೊಳ್ಳುತ್ತಿದ್ದರು. ನಾನು ರಾಯರನ್ನು ಕರೆಯುತ್ತಿದ್ದೆ. ನಗಬೇಡ.

ಎರಡು ಗಂಟೆಗೆ ಎದುರು ಬೀದಿಯ ಮಿಕ್ಸಿ ಸದ್ದು ನಿಂತಿತು. ನಮ್ಮಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ರಾಜಣ್ಣನ ಹೊಟ್ಟೆ ತಣ್ಣಗಿರಲಿ. ಎರಡೂ ಇಪ್ಪತ್ತೆರಡಕ್ಕೆ ಒಂಬತ್ತನೇ ಮನೆ ಮುಗಿಯಿತು. ಮತ್ತೆ ಅಪ್ಪನ ಫೈಲಿಗೆ ಹೋದೆ, ನಿಲ್ಲಿಸಿದ ಕಡೆಯಿಂದಲೇ ಎಳೆದೆ. ಡಿಸ್ಕ್ ಬಡಿದುಕೊಳ್ಳುತ್ತಿತ್ತು. ಎರಡೂವರೆಗೆ ಫ್ಯಾನ್ ನಿಂತಿತು, ಯುಪಿಎಸ್ ಕೂಗಲು ಶುರು ಮಾಡಿತು. ಹತ್ತು ನಿಮಿಷ ಅಂದುಕೊಂಡಿದ್ದೆ. ಇನ್ವರ್ಟರ್ ಪ್ರಯೋಗದಲ್ಲಿ ನಾನೇ ಅದರ ಬ್ಯಾಟರಿ ಅರ್ಧ ತಿನ್ನಿಸಿದ್ದೆ, ಹಳೇ ಬ್ಯಾಟರಿ ಮತ್ತೆ ತುಂಬಿರಲಿಲ್ಲ, ಐದೇ ನಿಮಿಷಕ್ಕೆ ಹಸಿರು ದೀಪ ಆರಿತು.

ಎಲ್ಲರದೂ ಬಂತಮ್ಮಾ. ನಿಂದೊಂದು ಬಿಟ್ಟು.

ಕರೆಂಟ್ ಬಂದ ಮೇಲೆ ಒಂದು ಸಲ ಆನ್ ಮಾಡಿ ನೋಡಿದೆ. ಕಪ್ಪು ಪರದೆ, ಪಾಸ್‌ವರ್ಡ್ ಕೇಳುವ ಒಂದು ಸಾಲು, ಮಿಣುಕುವ ಗೆರೆ. ನಿನ್ನ ಹುಟ್ಟೂರು, ಅಪ್ಪನ ಹೆಸರು, ಎಕ್ಸ್‌ಚೇಂಜಿನ ನಂಬರು, ಎಲ್ಲ ತಲೆಗೆ ಬಂದವು. ನಿನ್ನಂಥವಳು ಅಷ್ಟು ಸುಲಭದ್ದು ಇಟ್ಟಿರುತ್ತೀಯಾ? ಒಂದನ್ನೂ ಹೊಡೆಯದೆ ಆಫ್ ಮಾಡಿದೆ.

ಮರುದಿನ ಒಂಬತ್ತೂ ಮನೆಗೆ ಹೋಗಿ, ನಿಮ್ಮ ಫೋಟೋ ಎರಡು ತಿಂಗಳು ದೇವರ ಮೇಲೆ ಭಾರ ಹಾಕಿ ಇಟ್ಟಿದ್ದೆ, ಸೇಫ್ ಅಂತ ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡೆ. ಇಬ್ಬರು ಮುಖ ದಪ್ಪ ಮಾಡಿದರು, ಇನ್ನೂ ಮಾತಾಡಿಸುತ್ತಿಲ್ಲ. ಷಕೀಲಾ ಆಂಟಿಗೆ ಅವರ ವಿಡಿಯೋವನ್ನು ಹೊಸ ಫೋನಿಗೆ ಹಾಕಿಕೊಟ್ಟೆ. ಅವರು ಫೋನನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡರೇ ಹೊರತು ನೋಡಲಿಲ್ಲ. “ಇದೆ ಅನ್ನೋದು ಬೇಕಿತ್ತು ಬೇಟಿ. ನೋಡಕ್ಕೆ ಭಯ ಆಯ್ತದೆ,” ಅಂದರು. ನನಗೂ ಅಷ್ಟೇ. ಅಪ್ಪನ ಮೊದಲ ಕ್ಯಾಸೆಟ್ಟಿನಲ್ಲಿ ಆರು ನಿಮಿಷ ಬಂದಿತ್ತು, ಕೇಳಿರಲಿಲ್ಲ.

ನಿನ್ನೆ ಸಂಜೆ ಇಬ್ಬರೂ ಇಲ್ಲೇ ಕೂತೆವು. ಮೊದಲು ಅವರದು. ಅನ್ವರ್ ಅಂಕಲ್ ಮೊಮ್ಮಗಳಿಗೆ ಸೈಕಲ್ ಪಂಕ್ಚರ್ ಹಾಕುವುದು ಹೇಳಿಕೊಡುತ್ತಿದ್ದಾರೆ, ಮಧ್ಯೆ ಮಧ್ಯೆ ಬೈಯುತ್ತಿದ್ದಾರೆ. ಆಂಟಿ ಅತ್ತರು, ಆಮೇಲೆ ಆ ಬೈಗುಳಕ್ಕೆ ನಕ್ಕರು. ಆಮೇಲೆ ನನ್ನದು. ಅಪ್ಪನದು ದಪ್ಪ ಧ್ವನಿ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ತೆಳ್ಳಗಿದೆ ಕಣಮ್ಮ, ನನ್ನ ಧ್ವನಿ ಇದ್ದ ಹಾಗಿದೆ. ಮಳೆ ಬಂದಿದ್ದು, ಕ್ವಾರ್ಟರ್ಸ್ ಸೋರುತ್ತಿರುವುದು, ನನಗೆ ಎಷ್ಟು ಹಲ್ಲು ಬಂದವು ಅಂತ ಕೇಳುವುದು. ಭಾನುವಾರ ಬರ್ತೀನಿ, ಆದರೆ ಅನ್ನುವಲ್ಲಿಗೆ ನಿಲ್ಲುತ್ತದೆ. ಆದರೆ ಏನು ಅಂತ ನೀನೊಬ್ಬಳು ಹೇಳಬಹುದಿತ್ತು.

ಹೊಸ ಕಂಪ್ಯೂಟರ್ ಜೋಡಿಸಿದ್ದೇನೆ, ಒಂಬತ್ತು ಮನೆಯದೂ ಮೂರು ಕಡೆ ನಕಲಿದೆ. ಅದಕ್ಕೂ ಬೀಗ ಹಾಕಿದ್ದೇನೆ. ಆದರೂ ಕರೆಂಟ್ ಮಿಣುಕಿದರೆ ಈಗಲೂ ಮೆಟ್ಟಿಲು ಹತ್ತಿ ಓಡಿಬರುತ್ತೇನೆ. ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಷಕೀಲಾ ಆಂಟಿ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಡುಗೆಮನೆಯ ಏಲಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಾರೆ. ನೀನಿದ್ದಿದ್ದರೆ ಈ ಕೆಲಸಕ್ಕೆ ಇಡೀ ಬೀದಿಗೆ ಕೇಳಿಸುವ ಹಾಗೆ ಬೈಯುತ್ತಿದ್ದೆ.

ಬೈಯಮ್ಮಾ.

ನಿನ್ನ ಮಗಳು