ಸೀತಮ್ಮನವರ ಸೋಫಾ

ಬಿ.ಟಿ.ಎಂ. ಲೇಔಟ್, ಬೆಂಗಳೂರು
೧೪ ಜೂನ್ ೨೦೨೫, ಶನಿವಾರ

ಭಾಗ್ಯಾಳ ಅಪ್ಪನವರಿಗೆ ಪಾರವ್ವನ ನಮಸ್ಕಾರಗಳು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಜೂನ್ ತಿಂಗಳಲ್ಲೂ ನೀವು ರಗ್ಗು ಹೊದ್ದು ಮಲಗುತ್ತೀರೆಂದು ರಜೆಗೆ ಬಂದ ನಿಂಗರಾಜ ಹೇಳಿದ. ಸುರಂಗದ ಒಳಗೆ ಸೆಖೆ, ಹೊರಗೆ ಬಂದರೆ ಹಿಮಾಲಯದ ಚಳಿ. ಕೆಮ್ಮು ಬಿಡು ಎಂದರೆ ಹೇಗೆ ಬಿಟ್ಟೀತು? ಬೆಂಗಳೂರಿನಲ್ಲಿ ಮೆಟ್ರೊ ಸುರಂಗ ಕೊರೆಯುವಾಗ ಹಗಲೆಲ್ಲ ನೆಲದ ಕೆಳಗಿದ್ದರೂ ಸಂಜೆಯಾದರೆ ಮನೆಗೆ ಬರುತ್ತಿದ್ದಿರಿ. ಈಗ ಫೋನಿನಲ್ಲಿ ಹಲೋ ಹಲೋ ಎನ್ನುವಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ಅದಕ್ಕೇ ರಜೆ ಮುಗಿಸಿ ನಿಮ್ಮ ಕ್ಯಾಂಪಿಗೆ ಹೊರಟಿರುವ ನಿಂಗರಾಜನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದೆ. ರೊಟ್ಟಿ ಎಣಿಸಿ ತೆಗೆದುಕೊಳ್ಳಿ, ರೈಲಿನಲ್ಲಿ ನಿಂಗರಾಜನಿಗೆ ಎಂಥ ಹಸಿವಾಗುತ್ತದೆ ಎಂದು ನನಗೆ ಗೊತ್ತು.

ಇಲ್ಲಿ ನಾವು ಮೂವರೂ ಸೌಖ್ಯ. ಭಾಗ್ಯಾಳ ಸ್ಕಾಲರ್‌ಶಿಪ್ ಏನಾಯಿತೆಂದು ಈಗಲೇ ಕೊನೆಯ ಹಾಳೆ ತಿರುಗಿಸಬೇಡಿ, ನಡೆದದ್ದನ್ನು ನಡೆದ ಹಾಗೆ ಓದಿ. ಕೊಳಚೆ ನೀರು ಶುದ್ಧ ಮಾಡುವುದನ್ನು ಕಲಿಯಲು ಅವಳಿಗೆ ಜರ್ಮನಿಯಲ್ಲಿ ಸೀಟು ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. "ಗಟಾರದ ನೀರು ನೋಡಾಕ ಅಷ್ಟ್ ದೂರ ಯಾಕ ಹೋಗ್ಬೇಕ? ಮಡಿವಾಳ ಕೆರಿ ಐತಲ್ಲ" ಎಂದು ನಿಮ್ಮ ತಾಯಿ ಈಗಲೂ ಕೇಳುತ್ತಾರೆ. ಫೀಸು ಅಂಥ ದೊಡ್ಡದಲ್ಲ. ಆದರೆ ಒಂದು ವರ್ಷದ ಊಟ, ಬಾಡಿಗೆಯ ಹಣವನ್ನು ಹೋಗುವ ಮೊದಲೇ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. ಎರಡನೇ ವರ್ಷಕ್ಕೆ ಅಲ್ಲೇ ಲ್ಯಾಬಿನಲ್ಲಿ ಕೆಲಸ ಮಾಡಿಕೊಂಡು ಓದುತ್ತಾಳಂತೆ. ಆ ಒಂದು ವರ್ಷದ ಹಣಕ್ಕಾಗಿ ಹುಡುಗಿ ಚಳಿಗಾಲವಿಡೀ ಲ್ಯಾಪ್‌ಟಾಪಿಗೆ ಅಂಟಿಕೊಂಡು ಕೂತಿದ್ದಳು. ಒಂದು ಸ್ಕಾಲರ್‌ಶಿಪ್ಪಿಗೆ ತಾರೀಕು ಮುಗಿದಿತ್ತು, ಇನ್ನೊಂದು ಎರಡು ವರ್ಷ ನೌಕರಿ ಮಾಡಿದವರಿಗೆ ಮಾತ್ರ. ಬ್ಯಾಂಕಿನ ಸಾಲಕ್ಕೆ ನಾನೇ ಅವಳ ಜೊತೆ ಹೋಗಿದ್ದೆ. ಮನೆ ಇದೆಯೇ, ಸೈಟು ಇದೆಯೇ, ಹೊಲ ಇದೆಯೇ ಎಂದು ಕೇಳಿದರು. ಯಾವುದೂ ಇಲ್ಲವೆಂದಾಗ ಪೆನ್ನಿನ ಕ್ಯಾಪು ಮುಚ್ಚಿ ಜೇಬಿಗಿಟ್ಟರು. ಆಗಲೇ ನೀವು "ಹೆಂಗಾರ ಮಾಡಿ ನಾನ ಕಳಸ್ತೀನಿ" ಎಂದು ಫೋನಿನಲ್ಲಿ ಹೇಳಿದ್ದು. ಆ 'ಹೆಂಗಾರ' ಎಂದರೆ ಇನ್ನೂ ಎರಡು ವರ್ಷ ಅಲ್ಲೇ ಇರುತ್ತೇನೆಂದು ಕಂಪನಿಗೆ ಬರೆದುಕೊಡುವುದು ಎಂದು ನನಗೆ ನಿಂಗರಾಜ ಬಂದ ಮೇಲೆ ತಿಳಿಯಿತು.

ಅಷ್ಟರಲ್ಲಿ ಕಾಲೇಜಿನ ಮೇಷ್ಟ್ರೊಬ್ಬರು ಜಯನಗರದ ಒಂದು ಟ್ರಸ್ಟಿನ ವಿಳಾಸ ಕೊಟ್ಟರು. ಭಾಗ್ಯಾ ತಾನೇ ಇಂಗ್ಲಿಷಿನಲ್ಲಿ ಅರ್ಜಿ ಹಾಕಿದಳು, ಸಂದರ್ಶನಕ್ಕೂ ಹೋಗಿಬಂದಳು. ಆಮೇಲೆ ಒಂದು ದಿನ ನನ್ನ ನಂಬರಿಗೆ ಫೋನು ಬಂತು. ಟ್ರಸ್ಟಿನಿಂದ ಒಬ್ಬರು ನಾಳೆ ನಿಮ್ಮ ಮನೆ ನೋಡಲು ಬರುತ್ತಾರೆ, ಹುಡುಗಿ ಇರಬೇಕೆಂದೇನಿಲ್ಲ ಎಂದರು. ಇವಳು ಪ್ರಾಜೆಕ್ಟಿನ ಕೆಲಸಕ್ಕೆಂದು ಗೆಳತಿಯ ಮನೆಯಲ್ಲಿ ಉಳಿದಿದ್ದಳು. ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆವು. ಕೆಟ್ಟದ್ದು ಅಲ್ಲೇ.

ಮನೆ ನೋಡಲು ಬರುತ್ತಾರೆ ಎಂದರೆ ನಮ್ಮ ಕಡೆ ಏನರ್ಥ, ನೀವೇ ಹೇಳಿ. ಹೆಣ್ಣು ನೋಡಲು ಬಂದ ಹಾಗೆಯೇ ಅಲ್ಲವೇ? ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಯೇಬಿಟ್ಟರು. "ಬ್ಯಾಂಕಿನಾಂವ ಏನ್ ಕೇಳಿದಾ? ಏನೈತಿ ಅಂತ ಕೇಳಿದಾ. ಈ ಸಲ ಐತಿ ಅಂತ ತೋರಸೂಣು. ಇಲ್ಲದವ್ರ ಕೈಯಾಗ ಯಾರ್ ರೊಕ್ಕಾ ಕೊಡತಾರ?" ಎಂದರು. ನಿಜ ಹೇಳುತ್ತೇನೆ, ನನಗೂ ಅದು ಸರಿ ಎನಿಸಿತು. ಕೆಳಗಿನ ಮನೆಯ ಓನರ್ ಸೀತಮ್ಮನವರನ್ನು ಕೇಳಿದೆವು. "ತಗೊಂಡೋಗಿ ಪಾರವ್ವ, ಸೋಫಾ ಏನ್ ಕರಗೋಗುತ್ತಾ?" ಎಂದರು. ಎದುರಿನ ಪಿ.ಜಿ. ಹುಡುಗರು ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದರು. ಪಕ್ಕದ ಮನೆಯ ತಿಮ್ಮಕ್ಕ ಫ್ರಿಜ್ಜನ್ನೇ ತಳ್ಳಿಕೊಂಡು ಬಂದಳು, ಒಳಗಿದ್ದ ಮೊಸರು, ಹಿಟ್ಟು ಸಮೇತ. ಅವಳ ಕೊರಳ ಸರವೂ ನನ್ನ ಕೊರಳಿಗೆ ಬಂತು. ನಾನು ಗಾರ್ಮೆಂಟ್ಸಿಗೆ ರಜೆ ಹಾಕಿ, ಮದುವೆಯ ರೇಷ್ಮೆ ಸೀರೆ ಉಟ್ಟು, ಹೋಳಿಗೆ ಲಟ್ಟಿಸುತ್ತಾ ನಿಂತೆ. ನಗಬೇಡಿ, ನೀವಿದ್ದಿದ್ದರೆ ನಿಮ್ಮ ಕೈಗೂ ಯಾರದೋ ವಾಚು ಕಟ್ಟಿಸುತ್ತಿದ್ದರು.

ಬಂದವರ ಹೆಸರು ರಾಮಪ್ರಸಾದ, ಕೆಲಸದಿಂದ ನಿವೃತ್ತರಾದ ಮೇಲೆ ಟ್ರಸ್ಟಿಗೆ ದುಡಿಯುತ್ತಿರುವ ಸಾಧು ಮನುಷ್ಯ. ಸೋಫಾದ ತುದಿಯಲ್ಲಿ ಕುಳಿತು ಸುತ್ತಲೂ ನೋಡಿದರು. ಹೊಲ ಇದೆಯೇ ಎಂದು ಕೇಳಿದರು. ಕೃಷ್ಣೆಯ ದಂಡೆಗೆ ಎರೆ ಹೊಲವಿದೆ ಎಂದರು ಅತ್ತೆ. ಅದು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಎಷ್ಟು ಕಾಲವಾಯಿತು ಎಂಬುದನ್ನು ಹೇಳಲಿಲ್ಲ. ಅದೇ ಹೊತ್ತಿಗೆ ತಿಮ್ಮಕ್ಕ ನುಗ್ಗಿದಳು. "ಪಾರವ್ವ, ಮೊಸರು ತಗೊಂಡೋಗ್ತೀನಿ" ಎಂದು ಫ್ರಿಜ್ಜು ತೆಗೆದು ಪಾತ್ರೆ ಎತ್ತಿಕೊಂಡು ನಡೆದಳು. ನಾನು ಲಟ್ಟಣಿಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದೆ. ನಿಮ್ಮ ತಾಯಿ ಮಾತ್ರ ಕಣ್ಣು ಮಿಟುಕಿಸಲಿಲ್ಲ. "ನಮ್ಮ ಫ್ರಿಜ್ ಅಂದ್ರ ಓಣಿ ಮಂದಿಗೆಲ್ಲಾ ತಮ್ದ ಇದ್ಧಾಂಗ್ರೀ" ಎಂದರು! ರಾಮಪ್ರಸಾದರು ಇನ್ನೊಂದು ಹೋಳಿಗೆ ಹಾಕಿಸಿಕೊಂಡು, "ತುಂಬಾ ಸಂತೋಷ ಆಯ್ತಮ್ಮ, ಅನುಕೂಲವಾಗಿದೀರ" ಎಂದು ಕೈ ಮುಗಿದು ಹೋದರು. ನಾವಿಬ್ಬರೂ ಗೆದ್ದೆವೆಂದುಕೊಂಡೆವು.

ಸಂಜೆ ಭಾಗ್ಯಾ ಬಂದಳು. ಸೋಫಾ ನೋಡಿದಳು, ಫ್ರಿಜ್ಜು ನೋಡಿದಳು, ನನ್ನ ಕೊರಳು ನೋಡಿದಳು. ವಿಷಯ ಕೇಳಿದವಳೇ ಬ್ಯಾಗು ಹಾಕಿಕೊಂಡೇ ನೆಲದ ಮೇಲೆ ಕುಸಿದು ಕೂತಳು. "ಅವ್ವಾ, ಅವ್ರು ನಾವು ಎಷ್ಟ್ ಕಷ್ಟದಾಗ ಅದೀವಿ ಅಂತ ನೋಡಾಕ ಬಂದಿದ್ರು. ಇದ್ದವ್ರಿಗೆ ಕೊಡಂಗಿಲ್ಲ ಅವ್ರು" ಎಂದಳು. ಬೈಯಲೂ ಇಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆ ಅಂದು ಊಟ ಮಾಡಲಿಲ್ಲ.

ಬೆಳಗಾಗುತ್ತಲೇ ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಸ್ಸಿಗೆ ಆಧಾರ್ ಕಾರ್ಡು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಜಯನಗರಕ್ಕೆ ಹೋದೆವು. ಟ್ರಸ್ಟಿನ ಆಫೀಸಿನಲ್ಲಿ ನಮ್ಮಂಥ ತಂದೆ ತಾಯಂದಿರು ಬೆಂಚಿನ ತುಂಬ ಕೂತಿದ್ದರು. ನಮ್ಮನ್ನು ನೋಡಿ ರಾಮಪ್ರಸಾದರಿಗೆ ಮುಜುಗರವಾಯಿತು. "ಇನ್ಕಮ್ ಸರ್ಟಿಫಿಕೇಟ್ ಯಾರು ಬೇಕಾದ್ರೂ ಮಾಡಿಸ್ತಾರಮ್ಮ, ಅದಕ್ಕೇ ನಾವು ಮನೆ ನೋಡೋದು. ನಿಮಗಿಂತ ಕಷ್ಟದಲ್ಲಿರೋರಿಗೆ ಹೋಗ್ಲಿ ಅಂತ ಹೇಳ್ಬಿಟ್ಟೆ" ಎಂದರು. ನಮ್ಮನ್ನು ಸುಳ್ಳರೆಂದುಕೊಂಡಿದ್ದರು, ಅದೂ ತಿರುವುಮುರುವಾಗಿ.

ನಿಮ್ಮ ತಾಯಿ ಎಂಥವರೆಂದು ನಿಮಗೆ ಹೇಳಬೇಕೇ? ಡಬ್ಬಿಯಲ್ಲಿ ಹಿಟ್ಟಿಲ್ಲದ ದಿನವೂ ಬಂದವರಿಗೆ "ಊಟ ಮಾಡಿ ಹೋಗ್ರಿ" ಎಂದವರು. ಊರು ಮುಳುಗಿ ಗುಳೆ ಎದ್ದಾಗಲೂ ಯಾರ ಮುಂದೆಯೂ ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳದವರು. ಅವರು ಅಷ್ಟು ಜನರ ನಡುವೆ ನಿಂತು ಹೇಳಿದರು: "ಸೋಫಾ ನಮ್ದಲ್ರೀ. ಫ್ರಿಜ್ ನಮ್ದಲ್ಲ. ಸೊಸಿ ಕೊಳ್ಳಾಗಿನ ಬಂಗಾರ ನಮ್ದಲ್ಲ. ಹೊಲಾ ನೀರಾಗ ಹೋಗೇತಿ. ನನ್ನ ಮಗಾ ಹಿಮದಾಗ ಗುಡ್ಡಾ ಕೊರೀತಾನ. ನಮ್ಮಲ್ಲೆ ಏನೂ ಇಲ್ರೀ. ಹೋಳಿಗಿ ಅಷ್ಟ ನಮ್ಮನಿದು." ಹೇಳಿ ಮುಗಿಸಿ ಸೆರಗು ತಲೆಯ ಮೇಲೆ ಎಳೆದುಕೊಂಡರು, ನನ್ನ ಕೈ ಮಾತ್ರ ಬಿಡಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ವರ್ಷ ಅವರೊಡನೆ ಗುದ್ದಾಡಿದ್ದೇನೆ, ಆದರೆ ಆ ದಿನ ಅವರ ಮೇಲೆ ಬಂದಂಥ ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ರಾಮಪ್ರಸಾದರು ಭಾಗ್ಯಾಳ ಅರ್ಜಿಯನ್ನು ಮತ್ತೆ ಹೊರತೆಗೆದು, "ಇನ್ನೊಂದ್ ಸಲ ಬರ್ತೀನಿ, ಯಾವತ್ತು ಅಂತ ಹೇಳಲ್ಲ" ಎಂದರು. ಭಾನುವಾರ ಬಂದೇಬಿಟ್ಟರು. ಅತ್ತೆ ಅಭ್ಯಾಸಬಲದಿಂದ ಸೀತಮ್ಮನವರ ಕುರ್ಚಿ ತರಲು ಮೆಟ್ಟಿಲ ಕಡೆ ಹೊರಟಿದ್ದರು, ಭಾಗ್ಯಾ ಸೆರಗು ಹಿಡಿದು ನಿಲ್ಲಿಸಿದಳು. ಅವರನ್ನು ಕೌದಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟೆವು. ಮೂವರು ಮಲಗುವ, ಅಡುಗೆ ಮಾಡುವ, ಓದುವ ಒಂದೇ ಕೋಣೆಯನ್ನು ಅವರು ನೋಡಿದರು. ಭಾಗ್ಯಾ ಒಲೆಯ ಪಕ್ಕದ ತನ್ನ ಪುಸ್ತಕದ ಮೂಲೆ ತೋರಿಸಿದಳು. ಹೋಗುವಾಗ ಅವರು "ಹೋಳಿಗೆ ಇಲ್ವೇನಮ್ಮ ಇವತ್ತು?" ಎಂದು ಕೇಳಿದಾಗ ಅತ್ತೆ ಮೊದಲ ಸಲ ನಕ್ಕರು.

ಮೊನ್ನೆ ಫೋನು ಬಂತು. ಮಂಜೂರಾಗಿದೆ ರೀ. ಇಡೀ ಒಂದು ವರ್ಷದ ಖರ್ಚು ಟ್ರಸ್ಟಿನದೇ. ಸುದ್ದಿ ಕೇಳಿ ಸೀತಮ್ಮನವರು ತಮ್ಮ ಸೋಫಾದ ಕಾಲ್ಗುಣ ಎಂದರು. ನಾವು ಎದುರಾಡಲಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಎದೆಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಬೇಕಂತೆ. ಭಾಗ್ಯಾ ಅಪ್ಪನ ಕಾಲಿಗೆ ನಮಸ್ಕಾರ ಹೇಳಿದ್ದಾಳೆ. ಬಸವಣ್ಣ ನಿಮ್ಮನ್ನು ಆ ಗುಡ್ಡದೊಳಗೆ ಕಾಯಲಿ.

ನಿಮ್ಮ
ಪಾರವ್ವ

ತಾ.ಕ.: ನಿಂಗರಾಜ ಕೆಳಗೆ ಆಟೋ ನಿಲ್ಲಿಸಿಕೊಂಡು ಕೂಗುತ್ತಿದ್ದಾನೆ. ಅತ್ತೆ ಅವನಿಗೆ ಬುತ್ತಿ ಕೊಡಲು ಇಳಿದಿದ್ದಾರೆ, ಅಷ್ಟರೊಳಗೆ ಬರೆಯುತ್ತಿದ್ದೇನೆ. ಆ ಎರಡು ವರ್ಷದ ಕಾಗದಕ್ಕೆ ಸಹಿ ಹಾಕಬೇಡಿ. ಹುಡುಗಿಯ ಖರ್ಚಿಗೆ ದಾರಿಯಾಗಿದೆ. ಫೋನಿನಲ್ಲಿ ನೀವು ಕೇಳಿದಾಗಲೆಲ್ಲ ನಾನು ಆರಾಮಿದ್ದೇನೆ ಎಂದೇ ಹೇಳಿದ್ದೇನೆ. ಆರಾಮಿಲ್ಲ ರೀ. ನೀವು ಹೋದಾಗಿನಿಂದ ಒಂದು ದಿನವೂ ಆರಾಮಿಲ್ಲ. ಬಂದುಬಿಡಿ.